25 ನಿಮಿಷ ಓಡಿದ ಮೇಲೆ ಎಂಜಿನ್ ಕುಗ್ಗುತ್ತಿದೆ: 60 ಎಚ್‌ಪಿ ಫ್ಯೂಯಲ್ ಇಂಜೆಕ್ಷನ್ ಔಟ್‌ಬೋರ್ಡ್, ಹೊನ್ನಾವರ

ಶರಾವತಿ ದೋಣಿ

ಎಲ್ಲರಿಗೂ ನಮಸ್ಕಾರ. ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಬೋಟ್ ನನ್ನದು. 24 ಅಡಿ ಫೈಬರ್. 60 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್), ಫ್ಯೂಯಲ್ ಇಂಜೆಕ್ಷನ್. ಮೂರು ವರ್ಷದ ಹಿಂದೆ ಬೋಟ್ ಸಮೇತ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಮೀಟರಿನಲ್ಲಿ ಈಗ 640 ಗಂಟೆ.

ಇದಕ್ಕೂ ಮೊದಲು ಅಪ್ಪನ ನಾಡದೋಣಿಯಲ್ಲಿ ಸೀಮೆಎಣ್ಣೆ ಎಂಜಿನ್ ಓಡಿಸುತ್ತಿದ್ದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಾಯಿಸುವುದು, ಪ್ಲಗ್ ಬಿಚ್ಚಿ ಒರೆಸಿ ಹಾಕುವುದು, ಕಾರ್ಬೊರೇಟರಿನ ಜೆಟ್ ಊದುವುದು ನನಗೆ ಕೈಬಂದ ಕೆಲಸ. ಇಂಜೆಕ್ಷನ್ ಎಂಜಿನ್ನಿನ ಒಳಗೆ ಮಾತ್ರ ಕೈಹಾಕಿದವನಲ್ಲ.

ಸಮಸ್ಯೆ ಹೀಗಿದೆ. ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್. ಐಡ್ಲಿಂಗ್ ಚೆಂದ. 4,500 ಆರ್‌ಪಿಎಂನಲ್ಲಿ ಆರಾಮಾಗಿ ಓಡುತ್ತದೆ. ಸುಮಾರು 25 ನಿಮಿಷ ಆಗುತ್ತಿದ್ದಂತೆ ಉಸಿರು ಕಟ್ಟಿದ ಹಾಗೆ ಶಬ್ದ ಇಳಿಯುತ್ತದೆ. ಲಿವರ್ ಎಷ್ಟು ತಳ್ಳಿದರೂ 2,500ರ ಮೇಲೆ ಏರುವುದಿಲ್ಲ. ಬೀಪ್ ಇಲ್ಲ, ಕೆಂಪು ಲೈಟ್ ಇಲ್ಲ. ಎಂಜಿನ್ ಹಿಂದಿನ ತೂತಿನಿಂದ ತಂಪು ಮಾಡುವ ನೀರು ಜೋರಾಗಿಯೇ ಬರುತ್ತಿದೆ. ಹತ್ತು ನಿಮಿಷ ಬಂದ್ ಮಾಡಿಟ್ಟರೆ ಮತ್ತೆ ಮೊದಲಿನ ಹಾಗೇ ಓಡುತ್ತದೆ. ಸ್ವಲ್ಪ ಹೊತ್ತಿಗೆ ಪುನಃ ಅದೇ.

ನಾಲ್ಕೂ ಪ್ಲಗ್ ಹೊಸದು ಹಾಕಿದೆ. ಎಂಜಿನ್ ಮೇಲಿನ ಸಣ್ಣ ಫಿಲ್ಟರ್ ಬದಲಾಯಿಸಿದೆ. ಇಂಜೆಕ್ಟರ್ ಕ್ಲೀನರ್ ಒಂದು ಡಬ್ಬಿ ಸುರಿದೆ. ಆಮೇಲೆ ಒಂದು ವರ್ಕ್‌ಶಾಪಿನವರನ್ನು ಕರೆಸಿದೆ. ಅವರು ಧಕ್ಕೆಯಲ್ಲೇ ಐದು ನಿಮಿಷ ಓಡಿಸಿ, "ಹೈ ಪ್ರೆಶರ್ ಪಂಪ್ ಹೋಗಿದೆ, ಅದಲ್ಲದಿದ್ದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್)" ಅಂದರು. ಎರಡೂ ಸೇರಿ ಲಕ್ಷದ ಹತ್ತಿರ ಆಗುತ್ತದಂತೆ. 25 ನಿಮಿಷಕ್ಕೆ ಬರುವ ರೋಗವನ್ನು ಐದು ನಿಮಿಷದಲ್ಲಿ ಹೇಗೆ ಕಂಡರು ಅಂತ ನನಗೆ ಸಮಾಧಾನ ಆಗಿಲ್ಲ.

ಹೋದ ಭಾನುವಾರ ಹುಬ್ಬಳ್ಳಿ ಕಡೆಯ ಎಂಟು ಜನ ಬಂದಿದ್ದರು. ಜೊತೆಗೊಂದು ಪುಟ್ಟ ಹುಡುಗಿ. ರಜೆ ದಿನ, ಜನ ಜಾಸ್ತಿ ಅಂತ ಬೆಳಿಗ್ಗೆಯೇ ಟ್ಯಾಂಕ್ ಪೂರ್ತಿ ತುಂಬಿಸಿದ್ದೆ. ಹೊರಟು ಹತ್ತು ನಿಮಿಷ ಆಗಿತ್ತೋ ಇಲ್ಲವೋ, ರೈಲು ಸೇತುವೆಯ ಹತ್ತಿರ ಎಂಜಿನ್ ಕುಗ್ಗಿತು. ಇಳಿತದ ಹೊತ್ತು, ನೀರಿಗೆ ಸೆಳೆತ ಇತ್ತು. ಬೋಟ್ ಅಡ್ಡ ತಿರುಗಿ ಸೇತುವೆಯ ಕಂಬದ ಕಡೆ ಜಾರಿತು. ಲಂಗರು ಎಸೆದೆ. ಅದು ಕಚ್ಚಿಕೊಂಡಾಗ ಕಂಬಕ್ಕೂ ನಮಗೂ ಎರಡು ಮಾರು ಅಂತರ. ಎಲ್ಲರೂ ಲೈಫ್ ಜಾಕೆಟ್ ಹಾಕಿದ್ದರು, ಯಾರಿಗೂ ಏನೂ ಆಗಲಿಲ್ಲ. ಆ ಹುಡುಗಿ ಮಾತ್ರ ಅಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದಳು. ಅವತ್ತಿನಿಂದ ಬೋಟ್ ಬಿಟ್ಟಿಲ್ಲ. ಕಾರಣ ಗೊತ್ತಾಗುವವರೆಗೆ ಬಿಡುವುದೂ ಇಲ್ಲ.

ಟ್ಯಾಂಕ್ ನೆಲದ ಕೆಳಗಿದೆ, 100 ಲೀಟರಿನದ್ದು. ಮಳೆಗಾಲ ಪೂರ್ತಿ ಬೋಟ್ ದಡದಲ್ಲಿ ಟಾರ್ಪಾಲಿನ ಕೆಳಗಿತ್ತು. ಆಗ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಹಾಗೇ ಇತ್ತು. ಏನು ನೋಡಬೇಕು, ಎಲ್ಲಿಂದ ಶುರು ಮಾಡಬೇಕು ಹೇಳಿ.

ಮಲ್ಪೆ ಬಂದರು

ಟ್ಯಾಂಕಿಗೆ ಗಾಳಿ ಹೋಗುವ ದಾರಿ ನೋಡಿದಿರಾ? ನಮ್ಮ ಸಣ್ಣ ದೋಣಿಯಲ್ಲಿ ಕ್ಯಾನಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತೆರೆಯದೆ ಹೊರಟಾಗ ಥೇಟ್ ಹೀಗೇ ಆಗಿತ್ತು.

ಕಾಳಿ ನದಿ

ನನಗೆ ಇದು ಸೆನ್ಸರ್ ಕೆಲಸ ಅನಿಸುತ್ತದೆ. ಇಂಜೆಕ್ಷನ್ ಎಂಜಿನ್ ಬಿಸಿ ಜಾಸ್ತಿಯಾದರೆ ಅಥವಾ ಆಯಿಲ್ ಪ್ರೆಶರ್ ಇಳಿದರೆ ತಾನಾಗಿಯೇ ಆರ್‌ಪಿಎಂ ಕಡಿಮೆ ಮಾಡಿಕೊಳ್ಳುತ್ತದೆ. ತಪ್ಪು ಹುಡುಕುವ ಕಂಪ್ಯೂಟರ್ ಹಾಕಿಸಿ ನೋಡಿ.

ಶರಾವತಿ ದೋಣಿ

ಮಲ್ಪೆಯವರಿಗೆ: ನೋಡಿದೆ. ಬೋಟಿನ ಬದಿಯಲ್ಲಿ ವೆಂಟ್ ಬಾಯಿ ಇದೆ. ಟಾರ್ಚ್ ಹಾಕಿ ನೋಡಿದರೆ ಜಾಲರಿಯಲ್ಲಿ ಕಸ ಇಲ್ಲ. ಅದಲ್ಲ ಅನಿಸುತ್ತದೆ.

ಕಾಳಿ ನದಿಯವರಿಗೆ: ಕಂಪ್ಯೂಟರ್ ತರಿಸಲು ಕೇಳಿದ್ದೇನೆ. ಬರಲು ವಾರ ಆಗುತ್ತದಂತೆ.

ಗಂಗೊಳ್ಳಿ ಮೇಸ್ತ್ರಿ

ಮಾರಾಯ್ರೇ, ಪಂಪಿಗೂ ಇಸಿಯುಗೂ ಇನ್ನೂ ಒಂದು ರೂಪಾಯಿ ಕೊಡಬೇಡಿ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ.

ಬೇರೆ ದಿನ 25 ನಿಮಿಷಕ್ಕೆ ಕುಗ್ಗುತ್ತಿದ್ದದ್ದು, ಟ್ಯಾಂಕ್ ತುಂಬಿಸಿದ ಭಾನುವಾರ ಹತ್ತೇ ನಿಮಿಷಕ್ಕೆ ಕುಗ್ಗಿತು, ಅಲ್ವಾ? ಟ್ಯಾಂಕ್ ತುಂಬಿದೆಯೋ ಅರ್ಧ ಇದೆಯೋ ಅನ್ನುವುದು ಹೈ ಪ್ರೆಶರ್ ಪಂಪಿಗೆ ಗೊತ್ತಾಗುವುದಿಲ್ಲ. ಬಿಸಿಗೆ ಸೋಲುವ ಪಂಪು ದಿನಾ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಸೋಲಬೇಕು. ಟ್ಯಾಂಕಿನ ಲೆಕ್ಕ ಇಟ್ಟುಕೊಂಡು ಕೆಡುವುದಾದರೆ ತಪ್ಪು ಟ್ಯಾಂಕಿನ ಕಡೆಯೇ ಇರಬೇಕು.

ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿ ನೋಡಿ. ಗಳಕ್ ಗಳಕ್ ಅಂತ ಸ್ವಲ್ಪ ಬಿದ್ದು ನಿಲ್ಲುತ್ತದೆ. ಎದುರಿಗೆ ಇನ್ನೊಂದು ತೂತು ಹೊಡೆದರೆ ಧಾರೆ ಕಟ್ಟುತ್ತದೆ. ಎಂಜಿನ್ ಎಳೆದ ಪೆಟ್ರೋಲಿನ ಜಾಗಕ್ಕೂ ಹಾಗೇ ಹೊರಗಿನ ಗಾಳಿ ಬಂದು ಸೇರಬೇಕು. ಬರದಿದ್ದರೆ ಟ್ಯಾಂಕೇ ಪೆಟ್ರೋಲನ್ನು ಹಿಂದಕ್ಕೆ ಎಳೆಯತೊಡಗುತ್ತದೆ. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಮೇಲೆ 50 ಲೀಟರ್ ಗಾಳಿ ಇರುತ್ತದೆ. ಐದಾರು ಲೀಟರ್ ಪೆಟ್ರೋಲ್ ಹೋದರೂ ಆ ಗಾಳಿ ಹಿಗ್ಗಿ ಸ್ವಲ್ಪ ಹೊತ್ತು ಸುಧಾರಿಸುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿ ಇರುವುದೇ ಐದೋ ಹತ್ತೋ ಲೀಟರ್. ಅಲ್ಲಿ ಒಂದೆರಡು ಲೀಟರ್ ಖರ್ಚಾಗುವಷ್ಟರಲ್ಲೇ ಎಳೆತ ಜೋರಾಗುತ್ತದೆ. ಹತ್ತು ನಿಮಿಷ ನಿಲ್ಲಿಸಿದರೆ ಎಲ್ಲಿಂದಲೋ ಗಾಳಿ ನುಸುಳಿ ಒಳಗೂ ಹೊರಗೂ ಸಮ ಆಗುತ್ತದೆ. ನಿಮ್ಮ ಎಂಜಿನ್ ಮತ್ತೆ ಓಡುವುದು ಅದಕ್ಕೇ ಇರಬೇಕು.

ಮಲ್ಪೆಯವರು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ಟಾರ್ಚ್ ಹಾಕಿದರೆ ವೆಂಟಿನ ಬಾಯಿ ಕಾಣುತ್ತದೆ, ಗಂಟಲು ಕಾಣುವುದಿಲ್ಲ. ಒಂದು ಕೇಳುತ್ತೇನೆ. ಪೆಟ್ರೋಲ್ ತುಂಬಿಸುವಾಗ ಟ್ಯಾಂಕ್ ವಾಪಸ್ ಕಕ್ಕುತ್ತದಾ? ನಿಧಾನಕ್ಕೆ ಸುರಿದರೂ ಬಾಯಿಗೆ ಬಂದು ಚೆಲ್ಲುತ್ತದಾ? ಹೌದಾದರೆ ನನಗೆ ಇನ್ನೂ ಧೈರ್ಯ.

ಇನ್ನು ಪರೀಕ್ಷೆ. ಪ್ರವಾಸಿಗರು ಬೇಡ. ಈಜು ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಲಂಗರು ಕೈಗೆ ಸಿಗುವ ಹಾಗಿರಲಿ. ಸೇತುವೆಯಿಂದ ದೂರ, ಭರತದ ಹೊತ್ತಿನಲ್ಲಿ ಹೋಗಿ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ನಡುವೆ ಒಂದು ರಬ್ಬರ್ ಬಲ್ಬು ಇದೆಯಲ್ಲ, ಎಂಜಿನ್ ಕುಗ್ಗಿದ ಕ್ಷಣಕ್ಕೆ ಜೊತೆಗಿರುವವರು ಅದನ್ನು ಮುಟ್ಟಿ ನೋಡಬೇಕು. ಬಂದ್ ಮಾಡಿದ ಮೇಲಲ್ಲ, ಕುಗ್ಗುತ್ತಿರುವಾಗಲೇ.

ಬಲ್ಬು ಚಪ್ಪಟೆಯಾಗಿ ಒಳಕ್ಕೆ ಹೀರಿಕೊಂಡಿದ್ದರೆ ಅದರ ಹಿಂದೆ, ಅಂದರೆ ಟ್ಯಾಂಕಿನ ಕಡೆ, ಏನೋ ಕಟ್ಟಿದೆ. ವೆಂಟ್ ಇರಬಹುದು, ಟ್ಯಾಂಕಿನೊಳಗಿನ ಪೈಪಿನ ಜಾಲರಿ ಇರಬಹುದು. ಬಲ್ಬು ಮೆತ್ತಗಿದ್ದು, ಒತ್ತಿದಾಗ ಎಂಜಿನ್ ಚೇತರಿಸಿಕೊಂಡರೆ ಎರಡು ಅನುಮಾನ: ಯಾವುದೋ ಕ್ಲಿಪ್ಪಿನಲ್ಲಿ ಗಾಳಿ ಹೀರುತ್ತಿದೆ, ಇಲ್ಲವೇ ಎಂಜಿನ್ ಮೇಲಿನ ಲೋ ಪ್ರೆಶರ್ ಪಂಪಿನ ರಬ್ಬರ್ ಪದರ ಹರಿದಿದೆ. ಬಲ್ಬು ಗಟ್ಟಿಯಾಗಿದ್ದೂ ಎಂಜಿನ್ ಕುಗ್ಗಿದರೆ ಮಾತ್ರ ಎಂಜಿನ್ನಿನ ಒಳಗೆ ಹುಡುಕಬೇಕು. ಅಲ್ಲಿ ವೇಪರ್ ಸೆಪರೇಟರ್ ಅನ್ನುವ ಸಣ್ಣ ಟ್ಯಾಂಕ್ ಇದೆ. ನಾವೆಲ್ಲ ವಿಎಸ್‌ಟಿ ಅನ್ನುತ್ತೇವೆ. ಕಾರ್ಬೊರೇಟರಿನ ಬಟ್ಟಲಿನಲ್ಲಿದ್ದ ಹಾಗೇ ಇದರಲ್ಲೂ ಫ್ಲೋಟ್, ಸೂಜಿ ಇರುತ್ತದೆ. ಹೈ ಪ್ರೆಶರ್ ಪಂಪು ಹೆಚ್ಚಾಗಿ ಅದರೊಳಗೇ ಮುಳುಗಿ ಕೂತಿರುತ್ತದೆ. ಇಂಜೆಕ್ಟರಿಗೆ ಪೆಟ್ರೋಲನ್ನು ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಬಾರ್ ಒತ್ತಡದಲ್ಲಿ ತಳ್ಳುವುದು ಅದೇ. ಪಂಪ್ ಹೋಗಿದೆ ಅನ್ನುವವರು ರೈಲಿಗೆ, ಅಂದರೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ, ಒತ್ತಡದ ಗೇಜ್ ಹಾಕಿ, ಎಂಜಿನ್ ಕುಗ್ಗುವಾಗ ಮುಳ್ಳು ಬಿದ್ದದ್ದನ್ನು ನಿಮ್ಮ ಕಣ್ಣಿಗೆ ತೋರಿಸಬೇಕು. ಗೇಜ್ ಹಾಕದೆ ಪಂಪ್ ಬದಲಾಯಿಸಲು ಒಪ್ಪಬೇಡಿ.

ಬಲ್ಬು ನೋಡಿದ ಕೂಡಲೇ ಪೆಟ್ರೋಲ್ ತುಂಬಿಸುವ ಮುಚ್ಚಳವನ್ನು ನಿಧಾನ ತಿರುಗಿಸಿ. ಕಿವಿ ಹತ್ತಿರ ಇರಲಿ. ಗಾಳಿ ಒಳಕ್ಕೆ ಎಳೆದ ಶಬ್ದ ಬಂದು ಎಂಜಿನ್ ಎದ್ದರೆ ಕೆಲಸ ಮುಗಿಯಿತು. ಸುತ್ತ ಬೀಡಿ, ಸಿಗರೇಟು, ಬೆಂಕಿ ಯಾವುದೂ ಬೇಡ. ನೆಲದ ಹಲಗೆ ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ಕೀಲಿ ಮುಟ್ಟಬೇಡಿ, ಮೊದಲು ಗಾಳಿಯಾಡಲಿ.

ಕಾಳಿ ನದಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಆರ್‌ಪಿಎಂ ಇಳಿಸುವಾಗ ಸಾಮಾನ್ಯವಾಗಿ ಕೂಗುತ್ತದೆ, ಲೈಟ್ ಹಾಕುತ್ತದೆ. ಕೀಲಿ ಹಾಕುವಾಗ ಒಮ್ಮೆ ಬೀಪ್ ಬರುತ್ತದಾ ನೋಡಿಕೊಳ್ಳಿ. ಬಂದರೆ ಬಝರ್ ಸರಿ ಇದೆ.

ಇಷ್ಟು ಉದ್ದ ಬರೆಯಲು ಕಾರಣ ಇದೆ. ಏಳೆಂಟು ವರ್ಷದ ಹಿಂದೆ ಇಲ್ಲೇ ಒಬ್ಬರ ಎಂಜಿನ್ನಿಗೆ ನಾನೇ ಹೊಸ ಪಂಪ್ ಹಾಕಿಸಿದೆ. ವಾರದಲ್ಲಿ ಮತ್ತೆ ಅದೇ ತಕರಾರು. ಆಮೇಲೆ ನೋಡಿದರೆ ಪೆಟ್ರೋಲ್ ಪೈಪಿನ ಒಳಪದರ ಬಿಟ್ಟುಕೊಂಡಿತ್ತು. ಎಂಜಿನ್ ಜೋರಾಗಿ ಎಳೆದಾಗ ಆ ಪದರ ಬಾಗಿಲಿನ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಹೊರಗಿನಿಂದ ಪೈಪು ಹೊಸದರ ಹಾಗೇ ಇತ್ತು. ಅವರ ದುಡ್ಡು ವಾಪಸ್ ಕೊಟ್ಟು ಮುಗಿಸಲು ನನಗೆ ಒಂದು ಮಳೆಗಾಲ ಹಿಡಿಯಿತು. ಅವತ್ತಿನಿಂದ ಪೆಟ್ರೋಲ್ ಹೋಗುವ ದಾರಿಯಲ್ಲೇ ಟ್ಯಾಂಕಿನಿಂದ ನಡೆದು ಬರದೆ ಯಾವ ಸಾಮಾನಿಗೂ ಕೈ ಹಾಕುವುದಿಲ್ಲ.

ಶರಾವತಿ ದೋಣಿ

ಮೇಸ್ತ್ರಿ ಅಣ್ಣ, ಕಕ್ಕುತ್ತದೆ! ಈ ಸೀಸನ್ ಶುರುವಾದಾಗಿನಿಂದ ಸುರಿದ ಪೆಟ್ರೋಲ್ ಮುಖಕ್ಕೆ ಹಾರುತ್ತದೆ. ಆಲಿಕೆ ಸಣ್ಣದಾಯಿತು ಅಂದುಕೊಂಡು ದೊಡ್ಡ ಆಲಿಕೆ ತಂದಿದ್ದೆ. ನಾಳೆ ಬೆಳಿಗ್ಗೆ ಭರತ ಇದೆ. ಭಾವನನ್ನು ಕರೆದುಕೊಂಡು ಹೋಗಿ ಬಂದು ಬರೆಯುತ್ತೇನೆ.

ಶರಾವತಿ ದೋಣಿ

ಹೋಗಿ ಬಂದೆವು. ಎಲ್ಲವನ್ನೂ ಆದ ಹಾಗೇ ಬರೆಯುತ್ತೇನೆ.

ಟ್ಯಾಂಕಿನಲ್ಲಿ ಮುಕ್ಕಾಲು ಪೆಟ್ರೋಲ್ ಇತ್ತು. 17ನೇ ನಿಮಿಷಕ್ಕೆ ಕುಗ್ಗಿತು. ಭಾವ ಬಲ್ಬು ಹಿಡಿದುಕೊಂಡೇ ಕೂತಿದ್ದ. "ಒಣ ಖರ್ಜೂರದ ಹಾಗಿದೆ" ಅಂದ. ನಾನೂ ಬಗ್ಗಿ ನೋಡಿದೆ. ಎರಡೂ ಬದಿ ಒಳಕ್ಕೆ ಅಂಟಿಕೊಂಡು ಮಧ್ಯೆ ಗೆರೆ ಬಿದ್ದಿತ್ತು. ಲಿವರ್ ಹಾಗೇ ಬಿಟ್ಟು ಮುಚ್ಚಳ ತಿರುಗಿಸಿದೆ. ಅರ್ಧ ಸುತ್ತು ಬರುವಷ್ಟರಲ್ಲಿ "ಉಸ್ಸ್" ಅಂತ ಗಾಳಿ ಒಳಗೆ ನುಗ್ಗಿತು. ನಾಲ್ಕೈದು ಸೆಕೆಂಡ್ ನಿಲ್ಲದೆ ಎಳೆಯಿತು. ಬಲ್ಬು ಭಾವನ ಕೈಯಲ್ಲೇ ಉಬ್ಬಿಕೊಂಡಿತಂತೆ. ಆಮೇಲೆ ಎಂಜಿನ್ ಒಮ್ಮೆ ಮುಕ್ಕರಿಸಿ ಎದ್ದಿತು. 4,500. ನನಗೆ ಕಣ್ಣು ತುಂಬಿ ಬಂತು ಅಣ್ಣ.

ಮುಚ್ಚಳ ತೆರೆದಿಟ್ಟು ಓಡುವುದು ಬೇಡ ಅಂತ ಅಲ್ಲಿಂದಲೇ ವಾಪಸ್ ಬಂದೆವು. ಧಕ್ಕೆಗೆ ಬಂದು ವೆಂಟ್ ಪೈಪನ್ನು ಎರಡೂ ಕಡೆ ಬಿಚ್ಚಿ ಹೊರಗೆ ತಂದೆ. ಊದಿದರೆ ಗಾಳಿ ಹೋಗುತ್ತಿಲ್ಲ. ಬಾಯಿಂದ ಒಂದು ಗೇಣು ಒಳಗೆ, ಪೈಪು ಬಾಗುವ ಜಾಗದಲ್ಲಿ ಗಟ್ಟಿ. ಹಲಗೆಗೆ ಕುಟ್ಟಿದಾಗ ಮಣ್ಣು ಉದುರಿತು. ಕುಂಬಾರ ಹುಳದ ಗೂಡು! ಬೆರಳು ಗಾತ್ರದ ಮಣ್ಣಿನ ಕೊಳವೆ. ಮುರಿದರೆ ಒಳಗೆ ಒಣಗಿದ ಸಣ್ಣ ಸಣ್ಣ ಜೇಡಗಳು ಸಾಲಾಗಿ ತುರುಕಿದ್ದವು. ಮರಿಗೆ ಅಂತ ಹುಳ ಕೂಡಿಟ್ಟ ಆಹಾರ. ವೆಂಟ್ ಬಾಯಿಯ ಜಾಲರಿ ನೋಡಲು ಚೆನ್ನಾಗಿತ್ತು ಅಂದಿದ್ದೆನಲ್ಲ, ಅದರ ಕೆಳಗಿನ ಅಂಚು ಬಿಟ್ಟುಕೊಂಡಿತ್ತು. ಕಿರುಬೆರಳು ಹೋಗುವಷ್ಟು ಸಂದಿ. ಮಳೆಗಾಲ ಪೂರ್ತಿ ಟಾರ್ಪಾಲಿನ ಕೆಳಗೆ ಬೆಚ್ಚಗಿತ್ತು, ಹುಳ ಮನೆ ಮಾಡಿದೆ.

ಪೈಪು ತೊಳೆದು ಒಣಗಿಸಿ ಹಾಕಿ ಸಂಜೆ ಮತ್ತೆ ಹೋದೆವು. ಒಂದು ಗಂಟೆ ಓಡಿಸಿದೆ. ಕುಗ್ಗಲಿಲ್ಲ.

ಆದರೆ ಒಂದು ಉಳಿದಿದೆ. ಲಿವರ್ ತಟ್ಟನೆ ಮುಂದೆ ತಳ್ಳಿದರೆ 3,000ದ ಹತ್ತಿರ ಎರಡು ಸಲ ಬಿಕ್ಕುತ್ತದೆ. ಇದು ಮೊದಲೂ ಇತ್ತೋ ಏನೋ, ದೊಡ್ಡ ತೊಂದರೆಯ ಗಲಾಟೆಯಲ್ಲಿ ಗಮನಿಸಿರಲಿಲ್ಲ.

ಗಂಗೊಳ್ಳಿ ಮೇಸ್ತ್ರಿ

ನನ್ನ ಎದೆಯ ಭಾರವೂ ಇಳಿಯಿತು ಮಾರಾಯ್ರೇ. ಆ ಬಿಕ್ಕಳಿಕೆಯನ್ನೂ ಬಿಡುವುದು ಬೇಡ. ಅಳಿವೆಯ ಅಲೆಯಲ್ಲಿ ತಟ್ಟನೆ ಶಕ್ತಿ ಬೇಕಾದಾಗ ಅದೇ ಕೈಕೊಡುತ್ತದೆ.

ಅರ್ಧ ಟ್ಯಾಂಕ್ ಪೆಟ್ರೋಲ್ ಮಳೆಗಾಲ ಪೂರ್ತಿ ಇತ್ತು ಅಂದಿರಿ. ನನ್ನ ಅನುಮಾನ ನೀರು. ನಮ್ಮ ದೇಶದಲ್ಲಿ 20 ಪರ್ಸೆಂಟ್ ಎಥೆನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಆಯಿತು. ಈಗ ಎಲ್ಲ ಬಂಕಿನಲ್ಲೂ ಸಾಮಾನ್ಯವಾಗಿ ಅದೇ. ಹೆಚ್ಚಿನ ಔಟ್‌ಬೋರ್ಡ್ ಕಂಪನಿಗಳ ಪುಸ್ತಕದಲ್ಲಿ ಎಥೆನಾಲ್ 10 ಪರ್ಸೆಂಟ್ ಮೀರಬಾರದು ಅಂತ ಇದೆ. ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ಏನಿದೆ ಒಮ್ಮೆ ನೋಡಿ. ನಮಗೆ ಬೇರೆ ಪೆಟ್ರೋಲ್ ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಎಚ್ಚರ ನಾವೇ ಜಾಸ್ತಿ ಇಟ್ಟುಕೊಳ್ಳಬೇಕು. ಎಥೆನಾಲಿಗೆ ನೀರು ಅಂದರೆ ಪ್ರೀತಿ. ಸ್ವಲ್ಪ ನೀರನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ ಎಥೆನಾಲೂ ನೀರೂ ಜೊತೆಯಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತವೆ. ಎಂಜಿನ್ನಿಗೆ ಹೋಗುವ ಪೈಪಿನ ಬಾಯಿ ಇರುವುದೂ ತಳದಲ್ಲೇ.

ಟ್ಯಾಂಕಿನ ತಳದಿಂದ ಕೈಪಂಪಿನಲ್ಲಿ ಒಂದು ಗಾಜಿನ ಬಾಟಲಿಯಷ್ಟು ತೆಗೆದು ನೆರಳಲ್ಲಿ ಅರ್ಧ ಗಂಟೆ ಅಲುಗಿಸದೆ ಇಡಿ. ಮೇಲೆ ಒಂದು ಬಣ್ಣ, ಕೆಳಗೆ ಇನ್ನೊಂದು ಬಣ್ಣ, ಮಧ್ಯೆ ಗೆರೆ ಕಂಡರೆ ಆ ಪೆಟ್ರೋಲ್ ಎಂಜಿನ್ನಿಗೆ ಆಗುವುದಿಲ್ಲ. ಹೊಸ ಪೆಟ್ರೋಲ್ ಬೆರೆಸಿ ಸರಿ ಮಾಡುತ್ತೇನೆ ಅನ್ನಬೇಡಿ. ಯಾವ ಔಷಧಿ ಡಬ್ಬಿಯೂ ಅದನ್ನು ಮತ್ತೆ ಒಂದು ಮಾಡುವುದಿಲ್ಲ. ಪೂರ್ತಿ ತೆಗೆಯಬೇಕು. ದಯವಿಟ್ಟು ನದಿಗೆ ಸುರಿಯಬೇಡಿ.

ಶಾರ್ಜಾ ಕುಂದಾಪ್ರದವ

ಗೂಡಿನ ಕಥೆ ಓದಿ ನಮ್ಮ ಮನೆಯ ಬಾಗಿಲ ಚಿಲಕದ ತೂತು ನೆನಪಾಯಿತು. ಅಲ್ಲೂ ಪ್ರತಿ ವರ್ಷ ಕುಂಬಾರ ಹುಳ ಮಣ್ಣು ತುಂಬಿಸುತ್ತಿತ್ತು.

ನಾನು ಇಲ್ಲಿ ಬೋಟ್ ಸರ್ವೀಸ್ ಕೆಲಸದಲ್ಲಿ 11 ವರ್ಷದಿಂದ ಇದ್ದೇನೆ. ದಿನಾ ಔಟ್‌ಬೋರ್ಡೇ. ಬಿಕ್ಕಳಿಕೆಗೆ ನಾನಾದರೆ ವಿಎಸ್‌ಟಿ ನೋಡುತ್ತೇನೆ. ಟ್ಯಾಂಕಿನಿಂದ ಬಂದ ನೀರು, ಅಂಟು ಎಲ್ಲಾ ಕೊನೆಗೆ ಕೂರುವುದು ಅಲ್ಲಿ. ಹೆಚ್ಚಿನ ಮಾಡೆಲ್‌ಗಳಲ್ಲಿ ಅದರ ಬುಡದಲ್ಲಿ ಒಂದು ಡ್ರೇನ್ ಸ್ಕ್ರೂ ಇರುತ್ತದೆ. ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿ ತಂತಿ ಬಿಚ್ಚಿ. ಸ್ಕ್ರೂ ಕೆಳಗೆ ಗಾಜಿನ ಬಾಟಲಿ ಹಿಡಿದು ನಿಧಾನ ಸಡಿಲಿಸಿ. ಬಂದದ್ದು ತಿಳಿಯಾಗಿದ್ದರೆ ಒಳ್ಳೆಯದು. ಮಡ್ಡಿ, ನೀರಿನ ಗುಳ್ಳೆ, ಬೆಲ್ಲದ ಪಾಕದ ಹಾಗೆ ಅಂಟು ಬಂದರೆ ವಿಎಸ್‌ಟಿ ಇಳಿಸಿ ಒಳಗಿನ ಸಣ್ಣ ಜಾಲರಿ ತೊಳೆಸಬೇಕು. ಅದನ್ನು ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ರೈಲಿನಲ್ಲಿ ಒತ್ತಡ ಉಳಿದಿರುತ್ತದೆ, ಬಿಚ್ಚಿದರೆ ಪೆಟ್ರೋಲ್ ಕಣ್ಣಿಗೆ ಚಿಮ್ಮುತ್ತದೆ.

ಇನ್ನೊಂದು. ನೀವು ಬದಲಾಯಿಸಿದ್ದು ಎಂಜಿನ್ ಮೇಲಿನ ಫಿಲ್ಟರ್. ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಬೋಟಿನ ಗೋಡೆಗೆ ನೀರು ಬೇರ್ಪಡಿಸುವ ಫಿಲ್ಟರ್ ಇದೆಯಾ? 10 ಮೈಕ್ರಾನಿನದ್ದು, ಕೆಳಗೆ ಪಾರದರ್ಶಕ ಬಟ್ಟಲು ಇರುವಂಥದ್ದು. ಇಲ್ಲದಿದ್ದರೆ ಇವತ್ತೇ ಹಾಕಿಸಿ. ನೀರು ಬಂದರೆ ಬಟ್ಟಲಲ್ಲಿ ಕಣ್ಣಿಗೆ ಕಾಣುತ್ತದೆ. ಪ್ಲಾಸ್ಟಿಕ್ ಬಟ್ಟಲು ಎಂಜಿನ್ ಬಿಸಿಯಿಂದ ದೂರ ಇರಲಿ.

ಮಳೆಗಾಲಕ್ಕೆ ಇಡುವಾಗ ಟ್ಯಾಂಕ್ 90 ಪರ್ಸೆಂಟ್ ತುಂಬಿಸಿ, ಪೆಟ್ರೋಲ್ ಬೇಗ ಕೆಡದ ಹಾಗೆ ಸ್ಟೆಬಿಲೈಸರ್ ಹಾಕಿ. ಮೇಲೆ ಗಾಳಿ ಕಡಿಮೆ ಇದ್ದರೆ ತೇವವೂ ಕಡಿಮೆ.

ಗಂಗೊಳ್ಳಿ ಮೇಸ್ತ್ರಿ

ಶಾರ್ಜಾದವರೇ, ಉಳಿದದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ತುಂಬಿಸಿಡುವ ಮಾತು ಮಾತ್ರ ನಮ್ಮ ಕರಾವಳಿಗೆ ಬೇಡ ಅನ್ನುತ್ತೇನೆ. ನಾಲ್ಕು ತಿಂಗಳು ಬಟ್ಟೆಯೇ ಒಣಗದ ಊರು ಇದು. ಟಾರ್ಪಾಲಿನ ಕೆಳಗೆ 90 ಲೀಟರ್ ಪೆಟ್ರೋಲ್ ಇಡುವುದು ಬೆಂಕಿಯ ಭಯವೂ ಹೌದು. ಕೆಟ್ಟರೆ ಅಷ್ಟೂ ಲೀಟರ್ ಚೆಲ್ಲಬೇಕು. ಮೇ ಕೊನೆಯಲ್ಲಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಣಗಿಸಿ, ವಿಎಸ್‌ಟಿಯನ್ನೂ ಖಾಲಿ ಮಾಡಿಟ್ಟರೆ ಅಕ್ಟೋಬರಿನಲ್ಲಿ ನೆಮ್ಮದಿ. ನಾನು 15 ವರ್ಷದಿಂದ ಹಾಗೇ ಮಾಡಿಸುತ್ತಿದ್ದೇನೆ.

ಶಾರ್ಜಾ ಕುಂದಾಪ್ರದವ

ಸರಿ ಮೇಸ್ತ್ರಿ. ಇಲ್ಲಿ ಬೋಟುಗಳು ಅಷ್ಟು ತಿಂಗಳು ನಿಲ್ಲುವುದಿಲ್ಲ, ಆ ಅಂದಾಜಿನಲ್ಲಿ ಹೇಳಿದೆ. ನಮ್ಮ ಊರಿನ ಜೂನ್ ತಿಂಗಳಿಗೆ ನಿಮ್ಮ ಮಾತೇ ಸರಿ.

ಎಂಜಿನ್ 640 ಗಂಟೆ ಓಡಿದೆ ಅಂದಿದ್ದೀರಿ, ಹಾಗಾಗಿ ಇದನ್ನೂ ಸೇರಿಸುತ್ತೇನೆ. ಎಂಜಿನ್ ಆಯಿಲ್, ಗೇರ್ ಆಯಿಲ್ 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ. ಗೇರ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣ ಬಂದರೆ ಸೀಲಿನಿಂದ ನೀರು ಹೋಗಿದೆ. ನೀರೆಳೆಯುವ ಇಂಪೆಲ್ಲರ್ ಯಾವಾಗ ಹಾಕಿದ್ದು ಗೊತ್ತಿಲ್ಲದಿದ್ದರೆ ಈಗಲೇ ಹೊಸದು ಹಾಕಿ. ಆನೋಡ್ (ಎಂಜಿನ್ನಿನ ಬದಲು ತಾನು ಸವೆಯುವ ಲೋಹದ ತುಂಡು) ಅರ್ಧ ಸವೆದರೆ ಬದಲಾಯಿಸಿ, ಅದಕ್ಕೆ ಬಣ್ಣ ಬಳಿಯಬೇಡಿ. ಬಣ್ಣ ಬಳಿದರೆ ಅದು ಕೆಲಸ ಮಾಡುವುದಿಲ್ಲ, ಉಪ್ಪುನೀರು ಎಂಜಿನ್ನಿನ ಅಲ್ಯೂಮಿನಿಯಂ ತಿನ್ನುತ್ತದೆ. ದಿನದ ಕೊನೆಗೆ ಹತ್ತು ನಿಮಿಷ ಸಿಹಿನೀರಿನಲ್ಲಿ ತೊಳೆಯುವುದನ್ನು ಬಿಡಬೇಡಿ. ಬ್ಯಾಟರಿ ಟರ್ಮಿನಲ್ಲಿಗೆ ಕಿವಿ ಇರುವ ನಟ್ ಹಾಕಿದ್ದರೆ ತೆಗೆದು ಸ್ಪ್ಯಾನರಿನಲ್ಲಿ ಬಿಗಿಯುವ ನಟ್ ಹಾಕಿ. ಪಂಪು, ಇಂಜೆಕ್ಟರ್, ಇಸಿಯು ಎಲ್ಲಾ ಆ ಎರಡು ಟರ್ಮಿನಲ್ ನಂಬಿಕೊಂಡಿವೆ. ಅಲೆಯ ಕುಲುಕಿಗೆ ನಟ್ ಸಡಿಲವಾದರೆ ಪಂಪ್ ಹೋದ ಹಾಗೇ ಕಾಣುತ್ತದೆ.

ಶರಾವತಿ ದೋಣಿ

ಒಂದು ವಾರ ತಡವಾಗಿ ಬರೆಯುತ್ತಿದ್ದೇನೆ, ಕೆಲಸ ಮುಗಿಸಿಯೇ ಬರೆಯೋಣ ಅಂತ.

ಟ್ಯಾಂಕಿನ ತಳದ ಬಾಟಲಿ: ಕೆಳಗೆ ಎರಡು ಬೆರಳಿನಷ್ಟು ಮಸುಕು ಪದರ, ಅಕ್ಕಿ ತೊಳೆದ ನೀರಿಗೆ ಸ್ವಲ್ಪ ಅರಿಶಿನ ಬಿದ್ದ ಬಣ್ಣ. ಮೇಲೆ ಪೆಟ್ರೋಲ್. ಮಧ್ಯದ ಗೆರೆ ದಾರ ಎಳೆದ ಹಾಗೆ ಸ್ಪಷ್ಟ. ಬಾಟಲಿಯನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಸೀಮೆಎಣ್ಣೆಯ ಡ್ರಮ್ಮಿನ ತಳದಲ್ಲೂ ನೀರು ಇರುತ್ತಿತ್ತು, ಅದಕ್ಕೇ ಕೊನೆಯ ನಾಲ್ಕು ಬೆರಳು ಯಾವತ್ತೂ ಎಂಜಿನ್ನಿಗೆ ಹಾಕುತ್ತಿರಲಿಲ್ಲ ಅಂದರು.

ಟ್ಯಾಂಕಿನಿಂದ 60 ಲೀಟರಿಗೂ ಜಾಸ್ತಿ ಹೊರಗೆ ತೆಗೆದೆವು. ಬಿಗಿ ಮುಚ್ಚಳದ ಕ್ಯಾನುಗಳಲ್ಲಿ ತುಂಬಿ, "ನೀರು ಸೇರಿದ ಪೆಟ್ರೋಲ್" ಅಂತ ಬರೆದು, ಗ್ಯಾರೇಜುಗಳಿಂದ ಹಳೆ ಆಯಿಲ್ ಒಯ್ಯುವವರಿಗೆ ವಿಷಯ ಹೇಳಿಯೇ ಕೊಟ್ಟೆ. ನದಿಗೆ ಒಂದು ಹನಿ ಬಿದ್ದಿಲ್ಲ. ಟ್ಯಾಂಕ್ ಒರೆಸಿ ಎರಡು ದಿನ ಗಾಳಿಗೆ ಬಿಟ್ಟೆ.

ವಿಎಸ್‌ಟಿ ಬುಡದಿಂದ ಮೊದಲು ಬಂದದ್ದು ಶಾರ್ಜಾದವರು ಹೇಳಿದ ಹಾಗೇ ಪಾಕ. ಸ್ಕ್ರೂ ಬಿಚ್ಚಿದರೂ ಹನಿ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು. ಭಟ್ಕಳದಿಂದ ಬಂದ ಒಬ್ಬರು ಮೆಕ್ಯಾನಿಕ್ ಅದನ್ನು ಇಳಿಸಿ ಜಾಲರಿ ತೊಳೆದು ಕೂರಿಸಿದರು. ಅವರ ಹತ್ತಿರ ಗೇಜ್ ಇತ್ತು. ನಾನು ಕೇಳುವ ಮೊದಲೇ ರೈಲಿಗೆ ಹಾಕಿ ತೋರಿಸಿದರು. ಅರ್ಧ ಗಂಟೆ ಜೋರಾಗಿ ಓಡಿಸಿದ ಮೇಲೂ ಮುಳ್ಳು ಅಲುಗಲಿಲ್ಲ. ಲಕ್ಷದ ಲೆಕ್ಕ ಕೇಳಿದ್ದ ಪಂಪು ಚೆನ್ನಾಗಿಯೇ ಇದೆ.

ನೀರು ಬೇರ್ಪಡಿಸುವ ಫಿಲ್ಟರ್ ನನ್ನ ಬೋಟಿನಲ್ಲಿ ಇರಲೇ ಇಲ್ಲ. ಈಗ ಹಾಕಿಸಿದೆ. ಪೆಟ್ರೋಲ್ ಪೈಪು, ಬಲ್ಬು, ಕ್ಲಿಪ್ಪು ಎಲ್ಲಾ ಹೊಸದು. ಹಳೆ ಪೈಪನ್ನು ಉದ್ದಕ್ಕೆ ಸೀಳಿ ನೋಡಿದೆ ಮೇಸ್ತ್ರಿ ಅಣ್ಣ. ಒಳಪದರ ಎರಡು ಕಡೆ ಗುಳ್ಳೆ ಎದ್ದಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ನೀವು ಹೇಳಿದ ಆ ಬಾಗಿಲು ನನ್ನ ಬೋಟಿನಲ್ಲೂ ಮುಚ್ಚಿಕೊಳ್ಳುತ್ತಿತ್ತು. ಸಾಮಾನು, ಕೂಲಿ ಎಲ್ಲಾ ಸೇರಿ 14,200 ರೂಪಾಯಿ.

ಬಿಕ್ಕಳಿಕೆ ಹೋಗಿದೆ. ನಿನ್ನೆ ಟ್ಯಾಂಕ್ ಪೂರ್ತಿ ತುಂಬಿಸಿದೆ, ಕಕ್ಕಲಿಲ್ಲ. ಬೇಕೆಂದೇ ಇಳಿತದ ಹೊತ್ತಿನಲ್ಲಿ, ಭಾವನ ಜೊತೆ ಲಂಗರು ಸಿದ್ಧ ಇಟ್ಟುಕೊಂಡು, ರೈಲು ಸೇತುವೆಯ ಕೆಳಗೆ ನಾಲ್ಕು ಸಲ ಹೋಗಿ ಬಂದೆ. ಶನಿವಾರದಿಂದ ಜನರನ್ನು ಹತ್ತಿಸುತ್ತೇನೆ.

ವೆಂಟ್ ಬಾಯಿಗೆ ಹೊಸ ಸ್ಟೀಲ್ ಜಾಲರಿ ಹಾಕಿ ಸುತ್ತ ಬಿಗಿದಿದ್ದೇನೆ. ಒಂದು ಕೊನೆಯ ಪ್ರಶ್ನೆ ಅಣ್ಣ: ಮಳೆಗಾಲದಲ್ಲಿ ಟ್ಯಾಂಕ್ ಖಾಲಿ ಇಟ್ಟಾಗ ಆ ಬಾಯಿಗೆ ಬಟ್ಟೆ ಕಟ್ಟಬಹುದಾ?

ಗಂಗೊಳ್ಳಿ ಮೇಸ್ತ್ರಿ

ಕಟ್ಟಿ. ಕೆಂಪು ಬಟ್ಟೆಯನ್ನೇ ಕಟ್ಟಿ, ಅದರದೊಂದು ತುಂಡನ್ನು ಎಂಜಿನ್ ಕೀಲಿಗೂ ಗಂಟು ಹಾಕಿಡಿ. ಅಕ್ಟೋಬರಿನಲ್ಲಿ ಕೀಲಿ ಕೈಗೆತ್ತಿಕೊಂಡಾಗ ವೆಂಟಿನ ಬಟ್ಟೆ ಬಿಚ್ಚಲು ನೆನಪಾಗುತ್ತದೆ.